ಔಟ್ ಇಲ್ಲದ ಆಟಗಳು: ಹುಡುಗಿಯರ ಟೀ ಪಾರ್ಟಿಗೆ ಕೂತಲ್ಲೇ ಆಡುವಂಥವು

ಪ್ರಶ್ನೆ: ಮಗಳಿಗೆ ಒಂಬತ್ತು ತುಂಬುತ್ತದೆ. ಗೆಳತಿಯರನ್ನು ಕರೆದು ‘ಟೀ ಪಾರ್ಟಿ’ ಮಾಡಲೇಬೇಕೆಂದು ಹಟ ಹಿಡಿದಿದ್ದಾಳೆ. ಹತ್ತು ಹುಡುಗಿಯರು, ಸಂಜೆ 4ರಿಂದ 6. ಹಾಲ್ ಸಣ್ಣದು, ಓಡಾಡಲು ಜಾಗವಿಲ್ಲ. ಹತ್ತು ಆಟ ಪಟ್ಟಿ ಮಾಡಿಟ್ಟುಕೊಂಡಿದ್ದೇನೆ. ಯಾವ ಕ್ರಮದಲ್ಲಿ ಆಡಿಸಲಿ?
– ಶಿವಮೊಗ್ಗದ ಓದುಗರು

ಉತ್ತರ: ಮೊದಲು ಆ ಹತ್ತರಲ್ಲಿ ಆರನ್ನು ಹೊಡೆದುಹಾಕಿ. ಎರಡು ಗಂಟೆ ಅಂದರೆ ಕೈಗೆ ಸಿಗುವುದು ಒಂದೇ ಗಂಟೆ. ಎಲ್ಲರೂ ಬಂದು ಸೇರಲು 20 ನಿಮಿಷ, ತಿಂಡಿಗೆ ಅರ್ಧ ಗಂಟೆ, ಕೊನೆಗೆ ಚಪ್ಪಲಿ ಹುಡುಕಿ ಟಾಟಾ ಹೇಳಲು 10 ನಿಮಿಷ ಹೋಗುತ್ತದೆ. ಒಂದು ಆಟವನ್ನು ವಿವರಿಸಿ, ಆಡಿಸಿ, ಅಂಕ ಕೂಡಿಸುವುದಕ್ಕೆ 15 ನಿಮಿಷ ಬೇಕು. ಅಲ್ಲಿಗೆ ನಾಲ್ಕು ಆಟ.

ಯಾವ ನಾಲ್ಕು ಅನ್ನುವುದಕ್ಕೆ ನಮ್ಮ ಅಳತೆಗೋಲು ಒಂದೇ: ಸೋತವಳು ಏನು ಮಾಡಬೇಕು? ‘ಔಟ್ ಆಗಿ ಗೋಡೆ ಪಕ್ಕ ಕೂರಬೇಕು’ ಅನ್ನುವ ಆಟ ಸ್ಕೂಲ್ ಮೈದಾನಕ್ಕೆ ಸರಿ, ಮನೆಗೆ ಕರೆದವರಿಗಲ್ಲ. ಮೊದಲು ಔಟ್ ಆದವಳು ಹತ್ತು ನಿಮಿಷ ಬೇರೆಯವರ ನಗು ಕೇಳಿಕೊಂಡು ಕೂತಿರುತ್ತಾಳೆ. ಆಮೇಲೆ ಸೋಫಾದ ಹಿಂದೆ ತನ್ನದೇ ಒಂದು ಆಟ ಶುರುಮಾಡುತ್ತಾಳೆ. ಅವಳ ಹಿಂದೆ ಇನ್ನಿಬ್ಬರು ಹೋದರೆ ನಿಮ್ಮ ಆಟ ಮುಗಿದಂತೆಯೇ.

ಕ್ರಮ ಹೀಗಿರಲಿ. ಬಾಗಿಲ ಬಳಿ ಒಂದು ಜಾಮ್ ಬಾಟಲಿಯಲ್ಲಿ ಎಣಿಸಿದ ಹುಣಸೆ ಬೀಜ ತುಂಬಿಡಿ. ಬಂದವರು ಬಂದ ಹಾಗೆ ‘ಎಷ್ಟಿರಬಹುದು’ ಎಂದು ಚೀಟಿಯಲ್ಲಿ ಬರೆದು ಡಬ್ಬಕ್ಕೆ ಹಾಕಲಿ. ಇದಕ್ಕೆ ವಿವರಣೆ ಬೇಡ, ತಡವಾಗಿ ಬಂದವಳಿಗೆ ನಷ್ಟವೂ ಇಲ್ಲ. ಎಲ್ಲರೂ ಸೇರಿದ ಮೇಲೆ ಪೆನ್ಸಿಲ್ಲು ಕಾಗದದ ಆಟ. ಅದು ತಿಂಡಿಗೆ ಮುಂಚೆಯೇ ಆಗಬೇಕು, ಯಾಕೆಂದರೆ ನಿಪ್ಪಟ್ಟು ಬೋಂಡ ತಿಂದ ಕೈಗೆ ಕಾಗದ ಸಿಕ್ಕರೆ ಎಲ್ಲಾ ಎಣ್ಣೆಮಯ. ತಿಂಡಿಯಾದ ಮೇಲೆ ಬಾಯಲ್ಲಿ ಆಡುವ ಆಟ. ಕೊನೆಗೆ ಪಾರ್ಸೆಲ್: ಹಾಡು ನಡೆಯುವಷ್ಟು ಹೊತ್ತು ಪೊಟ್ಟಣವನ್ನು ಕೈಯಿಂದ ಕೈಗೆ ದಾಟಿಸಿ, ಹಾಡು ನಿಂತಾಗ ಅದು ಯಾರ ಕೈಯಲ್ಲಿದೆಯೋ ಅವಳು ಒಂದು ಪದರ ಬಿಚ್ಚುವ ಆಟ. ಕೆಳಗಿನ ಉತ್ತರಗಳಲ್ಲಿ ಇವುಗಳ ವಿವರವಿದೆ.

ಹೆಸರಿಗೆ ಟೀ ಆದರೂ ಮಕ್ಕಳ ಲೋಟಕ್ಕೆ ಬಾದಾಮಿ ಹಾಲೋ ಏಲಕ್ಕಿ ಹಾಲೋ ಸಾಕು. ಉಗುರು ಬೆಚ್ಚಗಿರಲಿ, ಅರ್ಧ ಲೋಟ ಮಾತ್ರ ತುಂಬಿಸಿ. ಆಟ ನಡೆಯುವ ಜಮಖಾನದ ಮೇಲೆ ಲೋಟ ಬರಲೇಬಾರದು.

ಪ್ರಶ್ನೆ: ತಟ್ಟೆಯಲ್ಲಿ ಸಾಮಾನಿಟ್ಟು, ನೋಡಿಸಿ, ಮುಚ್ಚಿ, ನೆನಪಿನಿಂದ ಬರೆಸುವ ಆಟ ಆಡಿಸಿದೆವು. ಹತ್ತು ವಸ್ತು ಇಟ್ಟರೆ ಎಲ್ಲರೂ ಹತ್ತೂ ಬರೆದರು. ಮುಂದಿನ ಸಲ ಮೂವತ್ತು ಇಟ್ಟೆವು, ಅರ್ಧ ಜನ ಪೆನ್ಸಿಲ್ ಕೆಳಗಿಟ್ಟುಬಿಟ್ಟರು. ಸರಿಯಾದ ಲೆಕ್ಕ ಯಾವುದು?
– ಹಾಸನದ ಓದುಗರು

ಉತ್ತರ: ಏಳು ವರ್ಷದವರಿಗೆ 10, ಒಂಬತ್ತು ಹತ್ತರವರಿಗೆ 16, ಹನ್ನೆರಡು ದಾಟಿದವರಿಗೆ 20. ನೋಡಲು ಒಂದು ನಿಮಿಷ, ಬರೆಯಲು ಮೂರು ನಿಮಿಷ. ನೋಡುವಾಗ ಪೆನ್ಸಿಲ್ ಯಾರ ಕೈಯಲ್ಲೂ ಇರಕೂಡದು.

ಆದರೆ ಆಟ ಕೆಡುವುದು ಬರೀ ಸಂಖ್ಯೆಯಿಂದಲ್ಲ. ಹೊಳೆಯುವ ಸ್ಟೀಲ್ ತಟ್ಟೆಯಲ್ಲಿ ಹೇರ್‌ಪಿನ್ನು, ನಾಣ್ಯ ಇಟ್ಟರೆ ದೂರ ಕೂತವಳಿಗೆ ಕಾಣುವುದೇ ಇಲ್ಲ. ಹಾಗಾಗಿ ತಟ್ಟೆಗೆ ಒಂದೇ ಬಣ್ಣದ ತೆಳು ಬಣ್ಣದ ಬಟ್ಟೆ ಹಾಸಿ, ನೆಲದ ಮೇಲಿಟ್ಟು ಎಲ್ಲರನ್ನೂ ಸುತ್ತ ನಿಲ್ಲಿಸಿ. ಮುಚ್ಚಲು ದಪ್ಪ ಟವೆಲ್ ಬೇಕು. ತೆಳು ಪಂಚೆಯಾದರೆ ಬೀಗ, ದಾರದುಂಡೆಯ ಆಕಾರ ಮೇಲಿಂದಲೇ ಗೊತ್ತಾಗುತ್ತದೆ. ಎರಡು ಹೆಸರಿನ ವಸ್ತು ಇಟ್ಟರೆ ಜಗಳ ಖಚಿತ. ಒಬ್ಬಳು ‘ಸ್ಪೂನ್’ ಬರೆಯುತ್ತಾಳೆ, ಒಬ್ಬಳು ‘ಚಮಚ’, ಇನ್ನೊಬ್ಬಳು ಎರಡನ್ನೂ ಬರೆದು ಎರಡು ಅಂಕ ಕೇಳುತ್ತಾಳೆ. ಇಡುವಾಗಲೇ ಒಂದೊಂದನ್ನೂ ಎತ್ತಿ ಹೆಸರು ಹೇಳಿ ಇಡಿ. ತಟ್ಟೆಯಲ್ಲಿಲ್ಲದ್ದನ್ನು ಬರೆದರೆ ಒಂದು ಅಂಕ ಕಡಿತ ಎಂದೂ ಮೊದಲೇ ಹೇಳಿ, ಇಲ್ಲದಿದ್ದರೆ ಮನೆಯಲ್ಲಿರುವುದನ್ನೆಲ್ಲಾ ಬರೆದುಬಿಡುತ್ತಾರೆ.

16ಕ್ಕೆ ಒಂದು ಜೋಡಣೆ: ಬಳೆ, ರಿಬ್ಬನ್, ಹೇರ್‌ಪಿನ್, ಬಿಂದಿ ಚೀಟಿ, ರಬ್ಬರ್, ಶಾರ್ಪ್‌ನರ್, ಸೀಮೆಸುಣ್ಣ, ಸ್ಕೇಲು, ಏಲಕ್ಕಿ, ಅಡಿಕೆ, ಬೆಳ್ಳುಳ್ಳಿ, ಟೀ ಸೋಸುವ ಜರಡಿ, ಬೀಗದ ಕೈ, ನಾಣ್ಯ, ಹಣತೆ, ಬಟ್ಟೆ ಕ್ಲಿಪ್. ಮೊದಲ ಸುತ್ತಿನಲ್ಲಿ ಇವನ್ನು ಚೆಲ್ಲಾಪಿಲ್ಲಿ ಇಡಿ. ಎರಡನೇ ಸುತ್ತಿಗೆ ಬೇರೆ 16 ವಸ್ತುಗಳನ್ನು ಒಂದೇ ಬಗೆಯ ನಾಲ್ಕು ನಾಲ್ಕರ ಗುಂಪಾಗಿ ಇಡಿ. ಅಂಕ ಏರುವುದು ಅವರಿಗೇ ಕಾಣುತ್ತದೆ. ‘ತಲೆಗೆ ಹಾಕುವುದು ನಾಲ್ಕು, ಅಡುಗೆಮನೆಯದು ನಾಲ್ಕು’ ಎಂದು ಕಟ್ಟುಕಟ್ಟಿ ನೆನಪಿಟ್ಟುಕೊಳ್ಳುವ ಉಪಾಯ ಅವರಿಗೆ ಅಲ್ಲೇ ಹೊಳೆಯುತ್ತದೆ, ನೀವು ಹೇಳಿಕೊಡಬೇಕಿಲ್ಲ.

ಪ್ರಶ್ನೆ: ಇಂಗ್ಲಿಷರ ಕಾಲದ ಟೀ ಪಾರ್ಟಿಗಳಲ್ಲಿ ಆಡುತ್ತಿದ್ದಂಥ ಆಟ ಯಾವುದಾದರೂ ಕನ್ನಡದಲ್ಲಿ ಆಡಲು ಬರುತ್ತದೆಯೇ?
– ಮೈಸೂರಿನ ಓದುಗರು

ಉತ್ತರ: ಬರುತ್ತದೆ, ಅದೂ ಚೆನ್ನಾಗಿ. ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನ ಮನೆಗಳಲ್ಲಿ ‘ಪಾದ್ರಿಯ ಬೆಕ್ಕು’ ಎಂಬ ಆಟವಿತ್ತು. ಎಲ್ಲರೂ ಸುತ್ತ ಕೂತು ಚಪ್ಪಾಳೆಯ ತಾಳ ಹಿಡಿದು, ಪಾದ್ರಿಯ ಬೆಕ್ಕು ಎಂಥ ಬೆಕ್ಕು ಎಂದು ಅಕ್ಷರಮಾಲೆಯ ಕ್ರಮದಲ್ಲಿ ಒಂದೊಂದು ವಿಶೇಷಣ ಹೇಳಬೇಕು. ನಮ್ಮಲ್ಲಿ ಪಾದ್ರಿಯ ಬದಲು ಅಜ್ಜಿ ಇರಲಿ:

ಅಜ್ಜಿಯ ಬೆಕ್ಕು ಅಂಜುಬುರುಕ ಬೆಕ್ಕು. ಅಜ್ಜಿಯ ಬೆಕ್ಕು ಆಸೆಬುರುಕ ಬೆಕ್ಕು. ಇಲಿ ಹಿಡಿಯದ ಬೆಕ್ಕು. ಈಜು ಬಾರದ ಬೆಕ್ಕು. ಉಪವಾಸದ ಬೆಕ್ಕು. ಊರು ಸುತ್ತುವ ಬೆಕ್ಕು. ಎಮ್ಮೆಯಂಥ ಬೆಕ್ಕು. ಏಣಿ ಹತ್ತುವ ಬೆಕ್ಕು. ಐನಾತಿ ಬೆಕ್ಕು. ಒರಟು ಬೆಕ್ಕು. ಓಡಿಹೋದ ಬೆಕ್ಕು. ಔತಣಕ್ಕೆ ಬಂದ ಬೆಕ್ಕು.

‘ಋ’ ಬಿಟ್ಟುಬಿಡಿ, ಅದು ಬಂದಲ್ಲಿ ಆಟ ನಿಲ್ಲುತ್ತದೆ. ಸ್ವರ ಮುಗಿದ ಮೇಲೆ ವ್ಯಂಜನಗಳಲ್ಲಿ ಕ, ಗ, ಚ, ಜ, ತ, ದ, ನ, ಪ, ಬ, ಮ, ಸ, ಹ ಸಾಕು. ದೊಡ್ಡ ಹುಡುಗಿಯರಾದರೆ ‘ಕ’ದ ಕಾಗುಣಿತವನ್ನೇ ಹಿಡಿಸಿ: ಕಳ್ಳ ಬೆಕ್ಕು, ಕಾಡು ಬೆಕ್ಕು, ಕಿಲಾಡಿ ಬೆಕ್ಕು, ಕೀಟಲೆ ಬೆಕ್ಕು, ಕುಂಟ ಬೆಕ್ಕು, ಕೂಗುವ ಬೆಕ್ಕು... ತಾಳ ನಿಧಾನವಾಗಿರಲಿ: ತೊಡೆಗೆ ಒಂದು ಪೆಟ್ಟು, ಚಪ್ಪಾಳೆ ಒಂದು. ಒಂದು ಸುತ್ತು ಸರಾಗವಾಗಿ ಬಂದಮೇಲೆ ಮಾತ್ರ ವೇಗ ಹೆಚ್ಚಿಸಿ. ಮೊದಲೇ ಓಡಿಸಿದರೆ ಮೂರನೆಯವಳೇ ತಡವರಿಸುತ್ತಾಳೆ.

ತಡವರಿಸಿದವಳು ಔಟ್ ಅಲ್ಲ. ಇದಕ್ಕೆ ಆ ಕಾಲದವರೇ ಕಂಡುಕೊಂಡಿದ್ದ ಉಪಾಯ ಒತ್ತೆ. ತಪ್ಪಿದವಳು ತನ್ನದೊಂದು ವಸ್ತು, ಅಂದರೆ ಕ್ಲಿಪ್ಪೋ ಬಳೆಯೋ ಕರವಸ್ತ್ರವೋ, ನಡುವಿನ ಬುಟ್ಟಿಗೆ ಹಾಕಿ ಆಟ ಮುಂದುವರಿಸುತ್ತಾಳೆ. ಆಟ ಮುಗಿದ ಮೇಲೆ ಒಬ್ಬಳು ಕಣ್ಣುಮುಚ್ಚಿ ಬುಟ್ಟಿಯಿಂದ ಒಂದು ವಸ್ತು ಎತ್ತಿ ‘ಇದರ ಒಡತಿ ಏನು ಮಾಡಬೇಕು?’ ಎಂದು ಕೇಳಬೇಕು. ಆಗ ಚೀಟಿ ಎತ್ತಿ ಓದುವುದು, ಅದರಲ್ಲಿದ್ದಂತೆ ಮಾಡಿ ಒತ್ತೆ ಬಿಡಿಸಿಕೊಳ್ಳುವುದು. ‘ತರೀಕೆರೆ ಏರಿ ಮೇಲೆ ಮೂರು ಕರಿ ಕುರಿ ಮರಿ ಮೇಯುತ್ತಿತ್ತು’ ಎಂದು ಮೂರು ಸಲ ತಪ್ಪದೆ ಹೇಳು; ಒಂದೇ ಉಸಿರಿಗೆ ಹತ್ತು ತರಕಾರಿ ಹೇಳು; ತಲೆಮೇಲೆ ಪುಸ್ತಕ ಇಟ್ಟುಕೊಂಡು ಬಾಗಿಲವರೆಗೆ ಹೋಗಿ ಬಾ; ನಗದೆ ಬೆಕ್ಕಿನ ಹಾಗೆ ಮೂರು ಸಲ ಮಿಯಾಂವ್ ಅನ್ನು. ಚೀಟಿಗಳನ್ನು ನೀವೇ ಬರೆದಿಡಿ, ಹುಡುಗಿಯರ ಕೈಗೆ ಕೊಡಬೇಡಿ. ಕೊಟ್ಟರೆ ಎರಡನೇ ಚೀಟಿಯಲ್ಲೇ ಯಾರನ್ನೋ ಅಣಕಿಸುವ ಸಾಲು ಬಂದಿರುತ್ತದೆ. ಚಿನ್ನದ ಓಲೆ, ಸರ ಒತ್ತೆಗೆ ಬೇಡ.

ಒಂದು ಮಾತು: ಆ ಮನೆಗಳಲ್ಲೇ ಬೆಂಕಿ ಹಚ್ಚಿದ ಬ್ರಾಂದಿಯ ಬೋಗುಣಿಯಿಂದ ಒಣದ್ರಾಕ್ಷಿ ಎತ್ತಿ ತಿನ್ನುವ ಆಟವೂ ಇತ್ತು. ಹಳೆಯದೆಲ್ಲ ಮಕ್ಕಳಾಟವಲ್ಲ.

ಪ್ರಶ್ನೆ: ‘ಪಾಸಿಂಗ್ ದಿ ಪಾರ್ಸೆಲ್’ ಆಡಿಸಿದರೆ ಪ್ರತಿ ಸಲ ಜಗಳ. ಎರಡು ಮೂರು ಪದರ ಒಟ್ಟಿಗೇ ಹರಿಯುತ್ತದೆ, ಕೆಲವರಿಗೆ ಸರದಿಯೇ ಬರುವುದಿಲ್ಲ.
– ದಾವಣಗೆರೆಯ ಓದುಗರು

ಉತ್ತರ: ಪಾರ್ಸೆಲ್ ಕಟ್ಟುವುದರಲ್ಲೇ ತಪ್ಪಾಗಿದೆ. ಆಡುವವರು ಎಷ್ಟೋ ಅದಕ್ಕೆ ಎರಡು ಕೂಡಿಸಿ ಅಷ್ಟು ಪದರ ಹಾಕಿ. ಹತ್ತು ಮಂದಿಗೆ ಹನ್ನೆರಡು. ಒಂದು ಪದರ ದಿನಪತ್ರಿಕೆ, ಮುಂದಿನದು ಬಣ್ಣದ ವಾರಪತ್ರಿಕೆಯ ಹಾಳೆ ಅಥವಾ ಕಂದು ಕಾಗದ, ಹೀಗೆ ಬದಲಾಯಿಸುತ್ತಾ ಹೋಗಿ. ಬಣ್ಣ ಬದಲಾದದ್ದು ಕಂಡರೆ ‘ನಿನ್ನ ಪದರ ಮುಗಿಯಿತು’ ಎಂದು ಎಲ್ಲರಿಗೂ ಗೊತ್ತಾಗುತ್ತದೆ. ಪ್ರತಿ ಪದರಕ್ಕೆ ಒಂದೇ ಒಂದು ಸಣ್ಣ ತುಂಡು ಟೇಪ್, ಹೆಬ್ಬೆರಳ ಉಗುರಿನಷ್ಟು. ಟೇಪ್ ಸುತ್ತಿ ಸುತ್ತಿ ಹಾಕಿದರೆ ಒಬ್ಬಳು ಎರಡು ನಿಮಿಷ ಒದ್ದಾಡುತ್ತಾಳೆ, ಉಳಿದವರು ಕೈಹಾಕಿ ಎಳೆಯುತ್ತಾರೆ, ಆಗಲೇ ಮೂರು ಪದರ ಹರಿಯುವುದು.

ಪ್ರತಿ ಪದರದೊಳಗೆ ಒಂದು ಚೀಟಿಯೋ ಚಾಕೊಲೇಟೋ ಇರಬೇಕು. ಬಿಚ್ಚಿದವಳಿಗೆ ಬರಿಗೈ ಆಗಬಾರದು. ಪದರಕ್ಕೆ 45 ಸೆಕೆಂಡ್ ಹಿಡಿದರೆ ಹನ್ನೆರಡು ಪದರ 9 ನಿಮಿಷ, ಇದಕ್ಕಿಂತ ಎಳೆಯಬೇಡಿ.

ಇನ್ನು ಸರದಿ. ಹಾಡು ನಿಲ್ಲಿಸುವವರು ಬೆನ್ನು ತಿರುಗಿಸಿ ನಿಲ್ಲಬೇಕು ಎನ್ನುವುದು ದೊಡ್ಡವರ ನ್ಯಾಯ. ಹತ್ತು ವರ್ಷದೊಳಗಿನವರ ಕೂಟದಲ್ಲಿ ಕಣ್ಣು ಬಿಟ್ಟುಕೊಂಡೇ ನಿಲ್ಲಿಸಿ, ಎಲ್ಲರಿಗೂ ಒಂದೊಂದು ಪದರ ಸಿಗುವಂತೆ ನೋಡಿಕೊಳ್ಳಿ. ಕೊನೆಯ ಎರಡು ಪದರಕ್ಕೆ ಮಾತ್ರ ತಿರುಗಿ ನಿಂತುಕೊಳ್ಳಿ. ಆ ಹೆಚ್ಚಿನ ಎರಡು ಪದರ ಹಾಕಿಸಿದ್ದೇ ಅದಕ್ಕೆ.

ಪ್ರಶ್ನೆ: ರಾಜ–ಮಂತ್ರಿ–ಪೊಲೀಸ್–ಕಳ್ಳ ಚೀಟಿ ಆಟದಲ್ಲಿ ಅಂಕದ ಲೆಕ್ಕ ಯಾವಾಗಲೂ ತಪ್ಪುತ್ತದೆ. ಹತ್ತು ಜನರಿದ್ದರೆ ಹೇಗೆ ಆಡುವುದು?
– ಗದಗದ ಓದುಗರು

ಉತ್ತರ: ರಾಜ 1000, ಮಂತ್ರಿ 800, ಪೊಲೀಸ್ 500, ಕಳ್ಳ 0. ಪೊಲೀಸ್ ಚೀಟಿ ಬಂದವಳು ಕಳ್ಳಿಯನ್ನು ಸರಿಯಾಗಿ ತೋರಿಸಿದರೆ 500 ಅವಳದೇ, ತಪ್ಪಿದರೆ ಆ 500 ಕಳ್ಳಿಗೆ. ಯಾವ ದಾರಿಯಲ್ಲಿ ಹೋದರೂ ಒಂದು ಸುತ್ತಿನ ಮೊತ್ತ 2300 ಆಗಲೇಬೇಕು. ಪ್ರತಿ ಸುತ್ತಿನ ಅಡ್ಡ ಸಾಲು ಕೂಡಿಸಿ ನೋಡಿ, 2300 ಬರದಿದ್ದರೆ ಅಲ್ಲೇ ತಪ್ಪು. ಹತ್ತು ಸುತ್ತಿಗೆ ನಾಲ್ವರ ಒಟ್ಟು 23000.

ಇದು ನಾಲ್ವರ ಆಟ. ಹತ್ತು ಜನರಿದ್ದರೆ ನಾಲ್ಕು ನಾಲ್ಕರ ಎರಡು ಗುಂಪು ಮಾಡಿ, ಉಳಿದ ಇಬ್ಬರು ಲೆಕ್ಕ ಬರೆಯಲಿ. ಮೂರು ಸುತ್ತಿಗೊಮ್ಮೆ ಲೆಕ್ಕದವರು ಆಟಕ್ಕೆ, ಆಟದವರಲ್ಲಿ ಇಬ್ಬರು ಲೆಕ್ಕಕ್ಕೆ ಬರಲಿ. ಚೀಟಿಗಳನ್ನು ಒಂದೇ ಹಾಳೆಯಿಂದ ಒಂದೇ ಅಳತೆಗೆ ಕತ್ತರಿಸಿ, ಪೆನ್ಸಿಲಿನಲ್ಲಿ ಬರೆಯಿರಿ. ಸ್ಕೆಚ್ ಪೆನ್ನಾದರೆ ಶಾಯಿ ಹಿಂಬದಿಗೆ ಮೂಡುತ್ತದೆ. ಐದಾರು ಸುತ್ತಾದ ಮೇಲೆ ಕಳ್ಳನ ಚೀಟಿಯ ಮಡಿಕೆ ಯಾವುದೆಂದು ಚುರುಕು ಕಣ್ಣಿನವಳಿಗೆ ಗೊತ್ತಾಗಿರುತ್ತದೆ, ಆಗ ಹೊಸ ಚೀಟಿ ಮಾಡಿ.

ಪ್ರಶ್ನೆ: ಚೌಕಾಬಾರ ಆಡಿಸೋಣವೆಂದರೆ ಶುರುವಾಗುವುದೇ ಇಲ್ಲ. ಒಬ್ಬೊಬ್ಬರು ಕಾಯಿ ಇಳಿಸುವಷ್ಟರಲ್ಲಿ ಮಕ್ಕಳಿಗೆ ಬೇಸರ.
– ಚಿತ್ರದುರ್ಗದ ಓದುಗರು

ಉತ್ತರ: ಬೇಸರಕ್ಕೆ ಲೆಕ್ಕದಲ್ಲೇ ಕಾರಣವಿದೆ. ಒಂದು ಮಗ್ಗುಲು ತೇಯ್ದ ನಾಲ್ಕು ಹುಣಸೆ ಬೀಜ ಎಸೆದರೆ ಬೀಳಬಹುದಾದ ರೀತಿ 16. ಅದರಲ್ಲಿ ನಾಲ್ಕೂ ಬಿಳಿ ಮೇಲೆ ಬಿದ್ದು ಚೌಕ ಆಗುವುದು ಒಂದು, ನಾಲ್ಕೂ ಕಪ್ಪು ಬಿದ್ದು ಎಂಟು ಆಗುವುದು ಇನ್ನೊಂದು. ನಿಮ್ಮ ಮನೆಯಲ್ಲಿ ‘ನಾಲ್ಕು ಅಥವಾ ಎಂಟು ಬಿದ್ದರೆ ಮಾತ್ರ ಕಾಯಿ ಇಳಿಯಬೇಕು’ ಎಂಬ ನಿಯಮವಿರಬೇಕು. ಹಾಗಾದರೆ ಹದಿನಾರರಲ್ಲಿ ಎರಡೇ ಅವಕಾಶ, ಅಂದರೆ ಸರಾಸರಿ ಎಂಟು ಸರದಿ ಕಾಯಬೇಕು. ‘ಒಂದು ಬಿದ್ದರೂ ಇಳಿಸಬಹುದು’ ಎಂದು ಮಾಡಿ. ಒಂದು ಬೀಳುವ ರೀತಿ ನಾಲ್ಕಿವೆ, ಹದಿನಾರರಲ್ಲಿ ಆರು ಅವಕಾಶವಾಯಿತು. ಮೂರು ಸರದಿಯೊಳಗೆ ಸರಾಸರಿ ನಾಲ್ವರಲ್ಲಿ ಮೂವರ ಕಾಯಿ ಮನೆ ಬಿಟ್ಟಿರುತ್ತದೆ.

ಎರಡನೆಯದು ಆಟದ ಉದ್ದ. 25 ಮನೆಯ ಪಟದಲ್ಲಿ ಹೊರಸುತ್ತು 16, ಒಳಸುತ್ತು 8, ನಡುವಿನದೊಂದು. ಹೊರಟಲ್ಲಿಂದ ಹಣ್ಣಾಗಲು, ಅಂದರೆ ನಡುವಿನ ಮನೆ ಸೇರಲು, ಒಂದು ಕಾಯಿಗೆ 24 ಹೆಜ್ಜೆ. ಒಂದು ಎಸೆತಕ್ಕೆ ಸರಾಸರಿ ಎರಡೂವರೆ ಬೀಳುತ್ತದೆ, ಹಾಗಾಗಿ ಕಾಯಿಗೆ ಹತ್ತು ಎಸೆತ. ನಾಲ್ಕು ಕಾಯಿ, ನಾಲ್ಕು ಹುಡುಗಿಯರು, ಎಸೆತಕ್ಕೆ ಕಾಲು ನಿಮಿಷ ಎಂದರೆ ಯಾರೂ ಯಾರನ್ನೂ ಹೊಡೆಯದಿದ್ದರೂ 40 ನಿಮಿಷ! ಪಾರ್ಟಿಗೆ ತಲಾ ಎರಡು ಕಾಯಿ ಸಾಕು. ‘ಒಂದು ಕಾಯಿ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ’ ಎನ್ನುವ ನಿಯಮವನ್ನೂ ಆ ದಿನಕ್ಕೆ ಕೈಬಿಡಿ.

ಬೀಜ ತೇಯುವುದು ಒರಟು ಕಲ್ಲಿನ ಮೇಲೆ, ಬಿಳಿ ತಿರುಳು ಸಮನಾಗಿ ಕಾಣುವವರೆಗೆ. ಓರೆಯಾಗಿ ತೇಯ್ದ ಬೀಜ ಒಂದೇ ಮಗ್ಗುಲಿಗೆ ಬೀಳುತ್ತದೆ. ಕವಡೆಯಾದರೆ ಮೇಲಿನ ಲೆಕ್ಕ ಹಾಗೇ ನಡೆಯದು, ಅದರ ಎರಡು ಮಗ್ಗುಲು ಸಮವಲ್ಲ.

ಪ್ರಶ್ನೆ: ಅಳಗುಳಿಮಣೆ ಇಲ್ಲದೆ ಆ ಆಟ ಆಡಬಹುದೇ? ಗುಲಗಂಜಿ ಬಳಸಬಹುದೇ?
– ಉಡುಪಿಯ ಓದುಗರು

ಉತ್ತರ: ನೆಲದ ಮೇಲೆ ಸೀಮೆಸುಣ್ಣದಿಂದ ಏಳೇಳರ ಎರಡು ಸಾಲು ಬಟ್ಟಲಗಲದ ವೃತ್ತ ಬರೆದರಾಯಿತು. ಮನೆಗೆ ಐದರಂತೆ 70 ಹುಣಸೆ ಬೀಜ ಬೇಕು. ಇಬ್ಬರೇ ಆಡುವ ಆಟವಾದ್ದರಿಂದ ಮೂಲೆಯಲ್ಲಿಡಿ, ಬೇಗ ಬಂದವರು ಆಡಿಕೊಳ್ಳುತ್ತಾರೆ. ಗುಲಗಂಜಿ ಖಂಡಿತ ಬೇಡ. ಆ ಕೆಂಪು ಕಪ್ಪು ಬೀಜ ಅಗಿದು ನುಂಗಿದರೆ ಪ್ರಾಣಕ್ಕೆ ಅಪಾಯ. ಅಂಬೆಗಾಲಿಡುವ ತಮ್ಮ ತಂಗಿಯರು ಜೊತೆಗೆ ಬರುವುದಾದರೆ ಹುಣಸೆ ಬೀಜವನ್ನೂ ನೆಲಕ್ಕಿಡಬೇಡಿ, ಗಂಟಲಿಗೆ ಸಿಕ್ಕೀತು.

ಪ್ರಶ್ನೆ: ಊರಿನ ಹೆಸರಿನ ಅಂತ್ಯಾಕ್ಷರಿ ಆಡಿದರೆ ‘ರ’ದಲ್ಲೇ ಸಿಕ್ಕಿಹಾಕಿಕೊಳ್ಳುತ್ತೇವೆ.
– ಬೆಂಗಳೂರಿನ ಓದುಗಿ, 7ನೇ ತರಗತಿ

ಉತ್ತರ: ಸಿಕ್ಕಿಕೊಳ್ಳದೆ ಇನ್ನೇನು ಪುಟ್ಟಿ, ನಮ್ಮ ಅರ್ಧ ಊರುಗಳು ‘ಊರು’ ಎಂದೇ ಮುಗಿಯುತ್ತವೆ. ರಾಯಚೂರು, ರಾಣೆಬೆನ್ನೂರು ಎಂದರೂ ಮತ್ತೆ ‘ರು’! ಕೊನೆಯಲ್ಲಿ ರ, ರು ಬಂದರೆ ಅದರ ಹಿಂದಿನ ಅಕ್ಷರ ತೆಗೆದುಕೊಳ್ಳಿ. ಯಾವ ಊರೂ ಳ, ಣದಿಂದ ಶುರುವಾಗದ ಕಾರಣ ಳ ಬಂದರೆ ಲ, ಣ ಬಂದರೆ ನ. ಆಗ ಸರಪಳಿ ಓಡುತ್ತದೆ: ಮೈಸೂರು, ಸಾಗರ, ಗದಗ, ಗೋಕಾಕ, ಕೊಪ್ಪಳ, ಲಿಂಗಸುಗೂರು, ಗಂಗಾವತಿ, ತಿಪಟೂರು... ಮುಂದಿನದು ‘ಟ’. ಅದು ಕಷ್ಟ, ಹಾಗಾಗಿ ಟ ಬಂದರೆ ತ ಎಂದೂ ಒಪ್ಪಿಕೊಳ್ಳಿ.

ಪ್ರಶ್ನೆ: ಮಗಳ ಗೆಳತಿಯರಲ್ಲಿ ಮಲಯಾಳಿ, ತಮಿಳು, ಹಿಂದಿ ಮಾತಾಡುವವರಿದ್ದಾರೆ. ಭಾಷೆ ಬೇಡದ ಆಟ ಹೇಳಿ.
– ದುಬೈನ ಓದುಗರು

ಉತ್ತರ: ಮೂಸಿ ಹೇಳುವ ಆಟ. ಎಂಟು ಸಣ್ಣ ಲೋಟಗಳಿಗೆ ಒಂದೊಂದು ಚಮಚದಂತೆ ಕಾಫಿ ಪುಡಿ, ಟೀ ಪುಡಿ, ಜಜ್ಜಿದ ಏಲಕ್ಕಿ, ತುರಿದ ಶುಂಠಿ, ಹುರಿದ ಜೀರಿಗೆ, ಸೋಂಪು, ನಿಂಬೆ ಸಿಪ್ಪೆ, ಇಂಗು ಹಾಕಿ, ಬಾಯಿಗೆ ತೆಳು ಮಲ್‌ಬಟ್ಟೆ ಕಟ್ಟಿ ರಬ್ಬರ್ ಬ್ಯಾಂಡ್ ಹಾಕಿ. ಲೋಟ ಸ್ಟೀಲಿನದಾಗಿರಲಿ, ಗಾಜಾದರೆ ಕಣ್ಣಿಗೇ ಕಂಡುಬಿಡುತ್ತದೆ. ಏಲಕ್ಕಿ, ಶುಂಠಿಯನ್ನು ಆಟಕ್ಕೆ ಹತ್ತು ನಿಮಿಷ ಮೊದಲು ಜಜ್ಜಿ, ಬೆಳಿಗ್ಗೆಯೇ ಮಾಡಿಟ್ಟರೆ ವಾಸನೆ ಹಾರಿಹೋಗಿರುತ್ತದೆ. ಇಂಗು ಕಟ್ಟಕಡೆಗೆ ಬರಲಿ. ಅದೊಂದು ಮೂಗಿಗೆ ಹೊಕ್ಕರೆ ಆಮೇಲಿನದೆಲ್ಲಾ ಇಂಗೇ. ಮೆಣಸಿನ ಪುಡಿ, ಕಾಳುಮೆಣಸಿನ ಪುಡಿ ಬೇಡ. ಪ್ರತಿಯೊಬ್ಬಳೂ ತನ್ನ ಭಾಷೆಯಲ್ಲಿ ಹೆಸರು ಬರೆಯಲಿ, ಗೊತ್ತಿಲ್ಲದಿದ್ದರೆ ಚಿತ್ರ ಬರೆಯಲಿ. ಒಂದೇ ಜೀರಿಗೆಗೆ ಜೀರಕಂ, ಸೀರಗಂ, ಜೀರಾ ಎಂದು ಬಂದಾಗ ಆಮೇಲಿನ ಹರಟೆಗೆ ನಿಮ್ಮ ಅಗತ್ಯವಿರುವುದಿಲ್ಲ.

ಪ್ರಶ್ನೆ: ಮೂರನೇ ಮಹಡಿಯ ಫ್ಲ್ಯಾಟ್. ಮ್ಯೂಸಿಕಲ್ ಚೇರ್ ಆಡಿಸಬಹುದೇ?
– ಹುಬ್ಬಳ್ಳಿಯ ಓದುಗರು

ಉತ್ತರ: ಕುರ್ಚಿ ಎಳೆದ ಸದ್ದಿಗೆ ಕೆಳಗಿನ ಮನೆಯವರು ಮೇಲೆ ಬರುತ್ತಾರೆ. ದಿಂಬು ಹಾಕಿ. ಪ್ರತಿ ಸಲ ಒಂದು ದಿಂಬು ತೆಗೆಯಿರಿ, ಹುಡುಗಿಯರನ್ನು ಮಾತ್ರ ತೆಗೆಯಬೇಡಿ. ಉಳಿದ ದಿಂಬುಗಳ ಮೇಲೇ ಹತ್ತೂ ಜನ ಹೇಗಾದರೂ ಕೂರಬೇಕು. ನಾಲ್ಕು ದಿಂಬಿಗೆ ನಿಲ್ಲಿಸಿ, ಅದಕ್ಕಿಂತ ಕಡಿಮೆಯಾದರೆ ಯಾರದಾದರೂ ಕೈ ಅಡಿಗೆ ಸಿಕ್ಕೀತು.

ಪ್ರಶ್ನೆ: ಒಬ್ಬ ಹುಡುಗಿ ಏನು ಮಾಡಿದರೂ ಆಟಕ್ಕೆ ಬರುವುದಿಲ್ಲ, ಗೋಡೆಗೆ ಒರಗಿ ಕೂತಿರುತ್ತಾಳೆ.
– ತುಮಕೂರಿನ ಓದುಗರು

ಉತ್ತರ: ‘ಬಾ ಬಾ’ ಎಂದು ಎಲ್ಲರೆದುರು ಕರೆಯಬೇಡಿ. ಕೈಗೆ ಗಡಿಯಾರ ಕೊಟ್ಟು ಒಂದು ನಿಮಿಷ ಆದೊಡನೆ ಹೇಳು ಎನ್ನಿ, ಅಥವಾ ಪಾರ್ಸೆಲ್ಲಿನ ಹಾಡು ನಿಲ್ಲಿಸುವ ಕೆಲಸ ಕೊಡಿ. ಎರಡನೇ ಸುತ್ತಿಗೆ ಆ ಕೆಲಸ ಬೇರೆಯವರಿಗೆ ಹೋಗಲಿ, ಅವಳು ಎದ್ದು ಬಂದರೆ ಬಂದಳು. ಬರದಿದ್ದರೆ ಗಡಿಯಾರ ಅವಳ ಬಳಿಯೇ ಇರಲಿ.